ಉಪ್ಪಿನ ಮರುಭೂಮಿಯೂ ಮಂಗಳನ ಜೀವಾನ್ವೇಷಣೆಯೂ



ಕತ್ತಲೆಯ ಕೋಣೆಯೊಳಗೆ ದೀಪವಿಲ್ಲದೆ ಹೊಕ್ಕು, ‘ಗಡಿಗೆಯು ಕಾಣಿಸಲಿಲ್ಲ, ಆದಕಾರಣ ಗಡಿಗೆಯು ಇಲ್ಲ’ ಎನ್ನುವವನ ಮಾತನ್ನು ತರ್ಕಜ್ಞರು ಒಪ್ಪುವುದಿಲ್ಲ. ವಸ್ತುವು ಇದ್ದಿದ್ದರೆ ಕಾಣಿಸಿಯೇ ತೀರಬೇಕಾಗಿದ್ದ ಎಡೆಯಲ್ಲಿ ಕಾಣಿಸದೆ ಹೋದರೆ ಮಾತ್ರ ಅದರ ಅಭಾವವು ಸಿದ್ಧಿಸುವುದು. ಶಾಸ್ತ್ರದಲ್ಲಿ ಇದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರು. ಈ ನಿಯಮವು ಮಂಗಳಗ್ರಹದ ವಿಷಯದಲ್ಲಿ ಎಷ್ಟು ಬಿಗಿಯಾಗಿ ಅನ್ವಯಿಸುವುದೆಂಬುದನ್ನು ಈ ಭೂಮಿಯಲ್ಲಿಯೇ ಇರುವ ಒಂದು ಉಪ್ಪಿನ ಮರುಭೂಮಿಯು ತೋರಿಸಿಕೊಟ್ಟಿದೆ.

1976ನೆಯ ಇಸವಿಯಲ್ಲಿ ಅಮೆರಿಕದ ನಾಸಾ ಸಂಸ್ಥೆಯವರು ಕಳುಹಿಸಿದ ವೈಕಿಂಗ್ ಎಂಬ ನೌಕೆಗಳು, ಜುಲೈ 20ರಂದು ಒಂದು, ಸಪ್ಟೆಂಬರ್ 3ರಂದು ಇನ್ನೊಂದು, ಮಂಗಳನ ನೆಲಕ್ಕಿಳಿದವು. ಅಲ್ಲಿಯ ಮಣ್ಣನ್ನು ತೆಗೆದು, ಒಂದು ಪಾತ್ರೆಯಲ್ಲಿ ಪೋಷಕದ್ರವವನ್ನು ಸುರಿದು ನೋಡಿದವು. ಇನ್ನೊಂದರಲ್ಲಿ 500 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿ, ಹೊರಟ ಆವಿಯಲ್ಲಿ ಸಾವಯವ ದ್ರವ್ಯವು ಉಂಟೋ ಎಂದು ಶೋಧಿಸಿದವು. ದ್ರವವನ್ನು ಸುರಿದ ಮಣ್ಣಿನಿಂದ ಅನಿಲವೇನೋ ಹೊರಟಿತು. ಆದರೆ ಕಾಯಿಸಿದ ಮಣ್ಣಿನಲ್ಲಿ, ಭೂಮಿಯಿಂದಲೇ ಅಂಟಿಹೋದುದೆಂದು ಬಗೆಯಲಾದ ಅತ್ಯಲ್ಪ ಕ್ಲೋರಿನ್ ಸಂಯುಕ್ತಗಳ ಹೊರತು, ಸಾವಯವದ ಸುಳಿವಿರಲಿಲ್ಲ. ಮಂಗಳನ ಮಣ್ಣು ನಿರ್ಜೀವವೆಂದು ಬಹುಮಂದಿ ನಿಶ್ಚಯಿಸಿದರು.

ಈ ನಿಶ್ಚಯವನ್ನು ಒರೆಗೆ ಹಚ್ಚಿದ ಸ್ಥಳವು ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿರುವ ಅಟಕಾಮಾ ಮರುಭೂಮಿ. ಒಂದು ಕಡೆ ಆಂಡೀಸ್ ಪರ್ವತಗಳು ಮೋಡವನ್ನು ತಡೆಯುವುವು. ಇನ್ನೊಂದು ಕಡೆ ಶಾಂತಸಾಗರದ ತಣ್ಣನೆಯ ಪ್ರವಾಹವು ಮಳೆಯನ್ನೇ ಹುಟ್ಟಗೊಡದು. ಅದರ ನಡುಭಾಗದ ಯುಂಗಾಯ್ ಎಂಬಲ್ಲಿ ಎಷ್ಟೋ ವರ್ಷ ಒಂದು ಹನಿಯೂ ಬೀಳುವುದಿಲ್ಲ. 2003ರಲ್ಲಿ ಮೆಕ್ಸಿಕೋ ದೇಶದ ರಫಾಯೆಲ್ ನವಾರೋ-ಗೊನ್ಸಾಲೆಸ್ ಮೊದಲಾದವರು ಆ ಮಣ್ಣನ್ನು ಪರೀಕ್ಷಿಸಿ ಪ್ರಕಟಿಸಿದರು: ಸಾವಯವವು ಲೇಶಮಾತ್ರ, ಬೆಳೆಸಬಹುದಾದ ಸೂಕ್ಷ್ಮಜೀವಿಗಳು ಅತ್ಯಲ್ಪ. ವೈಕಿಂಗ್ ನೌಕೆಯು ಅಲ್ಲಿಗೇ ಇಳಿದಿದ್ದರೆ, ಈ ನಮ್ಮ ಭೂಮಿಯನ್ನೂ ನಿರ್ಜೀವವೆಂದು ಸಾರುತ್ತಿತ್ತು!

ಇಷ್ಟಕ್ಕೇ ನಿಂತಿದ್ದರೆ ಅದೊಂದು ಆಕ್ಷೇಪಣೆಯಷ್ಟೇ ಆಗುತ್ತಿತ್ತು. ಅದೇ ಯುಂಗಾಯ್ ಸೀಮೆಯಲ್ಲಿ, ಪೂರ್ವಕಾಲದ ಸರೋವರಗಳು ಬತ್ತಿದ ಎಡೆಯಲ್ಲಿ, ಉಪ್ಪಿನ ಗಂಟುಗಂಟಾದ ಬಂಡೆಗಳು ಹರಡಿಕೊಂಡಿವೆ. 2006ರಲ್ಲಿ ಯಾಸೆಕ್ ವೀರ್ಚೋಸ್ ಮತ್ತು ಅವರ ಸಂಗಡಿಗರು ಅವುಗಳನ್ನು ಒಡೆದು ನೋಡಲಾಗಿ, ಮೇಲ್ಮೈಯಿಂದ ಕೆಲವು ಮಿಲಿಮೀಟರುಗಳ ಆಳದಲ್ಲಿ ಸೂಕ್ಷ್ಮಜೀವಿಗಳ ವಸತಿಯು ಕಂಡುಬಂದಿತು. ಹೊರಗೆ ಮಣ್ಣು ಬರಡು. ಪಕ್ಕದ ಕಲ್ಲಿನೊಳಗೆ ಬಾಳು! ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಮಡಕೆಯು ಬೆವರುವುದನ್ನು ಕಾಣದವರಿಲ್ಲ. ಗಾಳಿಯ ತೇವವು ನೂರಕ್ಕೆ 75ರಷ್ಟಾದರೆ ಉಪ್ಪು ಆ ತೇವವನ್ನು ಹೀರಿ ತಾನೇ ನೀರಾಗುವುದು. ಅಟಕಾಮಾದ ರಾತ್ರಿಗಳಲ್ಲಿ ಹೀಗೆ ಸೆಳೆದ ತೊಟ್ಟನ್ನು ಬಂಡೆಯ ಅತಿಸೂಕ್ಷ್ಮ ರಂಧ್ರಗಳು ಹಗಲಿನಲ್ಲಿಯೂ ಹಿಡಿದಿಟ್ಟುಕೊಳ್ಳುವುವು. ಉಪ್ಪಿನ ಹರಳು ಅರೆಪಾರದರ್ಶಕವಾದುದರಿಂದ ಬೆಳಕೂ ಒಳಗೆ ತಲಪುವುದು. ಮಾವಿನಮಿಡಿಯನ್ನು ಕೆಡದಂತೆ ಕಾಯುವ ಉಪ್ಪೇ ಇಲ್ಲಿ ಜೀವಕ್ಕೆ ನೀರೆರೆಯುವ ದಾತನಾಗಿರುವುದು.

ಇನ್ನು ಬೇರೊಂದು ಜಾತಿಯ ಉಪ್ಪಿನ ಕಥೆ. 2008ರಲ್ಲಿ ಫೀನಿಕ್ಸ್ ನೌಕೆಯು ಮಂಗಳನ ಉತ್ತರಸೀಮೆಯ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ ಲವಣವನ್ನು ಕಂಡುಹಿಡಿಯಿತು. ಬಾಣಬಿರುಸಿನ ಮದ್ದಿಗೆ ಸೇರಿಸುವ ಪದಾರ್ಥವಿದು. ತಣ್ಣಗಿರುವಾಗ ಸಾಧು, ಕಾಯಿಸಿದರೆ ಸುತ್ತಣ ಸಾವಯವವನ್ನೆಲ್ಲ ಸುಟ್ಟುಬಿಡುವುದು. ನವಾರೋ-ಗೊನ್ಸಾಲೆಸ್ ಮೊದಲಾದವರು ಅಟಕಾಮಾದ ಮಣ್ಣಿಗೆ ಇದನ್ನು ಬೆರಸಿ ಕಾಯಿಸಲು, ಅದರ ಸಾವಯವವು ಬಹುಮಟ್ಟಿಗೆ ನಾಶವಾಗಿ, ಉಳಿದುದು 1976ರಲ್ಲಿ ‘ಭೂಮಿಯ ಅಂಟು’ ಎಂದು ತಳ್ಳಿಹಾಕಿದ ಆ ಕ್ಲೋರಿನ್ ಸಂಯುಕ್ತಗಳೇ! 2010ರಲ್ಲಿ ಪ್ರಕಟವಾದ ಈ ವಿವರಣೆಯನ್ನು ಎಲ್ಲರೂ ಒಪ್ಪಿದರೆಂದಲ್ಲ. ಆದರೂ ಪರೀಕ್ಷೆಯೇ ಪರೀಕ್ಷ್ಯವನ್ನು ಕೆಡಿಸಿರಬಹುದೆಂಬ ಸಂಶಯವು ಅಂದಿನಿಂದ ನೆಲೆಗೊಂಡಿತು.

ಬೆಂಕಿಯಂತೆಯೇ ನೀರೂ ಕೆಡಿಸಬಲ್ಲುದು. 2017ರಲ್ಲಿ ಯುಂಗಾಯ್ ಪ್ರದೇಶದಲ್ಲಿ ಅಪೂರ್ವವಾಗಿ ಮಳೆ ಸುರಿದು ಉಪ್ಪುನೀರಿನ ಹೊಂಡಗಳು ನಿಂತವು. ಮರುಭೂಮಿಯು ಚಿಗುರೀತೆಂದು ಎಣಿಸುವುದು ಸಹಜ. ಆದರೆ ಆ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಗಳ ಬಗೆಗಳಲ್ಲಿ ಮುಕ್ಕಾಲು ಪಾಲಿಗೂ ಮಿಗಿಲಾದವು ಆ ಹೊಂಡಗಳಲ್ಲಿ ಉಳಿಯಲಿಲ್ಲವೆಂದು 2018ರಲ್ಲಿ ವರದಿಯಾಯಿತು. ತೊಟ್ಟು ತೊಟ್ಟು ಕುಡಿದು ಬಾಳಿದ ಕಣಗಳು ಒಮ್ಮೆಗೇ ನೀರೇರಿ ಸತ್ತವು. ವೈಕಿಂಗ್ ನೌಕೆಗಳು ಮಣ್ಣಿಗೆ ದ್ರವವನ್ನು ಸುರಿದುದು ಜೀವಕ್ಕೆ ಉಪಚಾರವೋ ಅಪಚಾರವೋ ಎಂಬ ಪ್ರಶ್ನೆಯು ಇಲ್ಲಿ ತಾನಾಗಿ ಏಳುವುದು.

ಇದರಿಂದ ಮಂಗಳನಲ್ಲಿ ಜೀವವಿದೆಯೆಂದು ಹೇಳಿದಂತಾಗಲಿಲ್ಲ. ಹಾಗೆ ಹೇಳುವುದು ಮೊದಲಿನ ಆತುರಕ್ಕೆ ಎದುರಾದ ಇನ್ನೊಂದು ಆತುರ. ಯಾವ ಎಡೆಯಲ್ಲಿ ಹುಡುಕಬೇಕು, ಹೇಗೆ ಮುಟ್ಟಬೇಕು ಎಂಬಿಷ್ಟು ಮಾತ್ರ ತಿಳಿದಿದೆ. ಎಡೆಗೆ ಕೊರತೆಯಿಲ್ಲ: ಮಂಗಳನ ದಕ್ಷಿಣದ ಎತ್ತರದ ಸೀಮೆಗಳಲ್ಲಿ ಸುಮಾರು 200 ಕಡೆ ಕ್ಲೋರೈಡ್ ಲವಣದ ಹಾಸುಗಳಿರುವುದನ್ನು ಒಡಿಸ್ಸಿ ನೌಕೆಯ ಚಿತ್ರಗಳಿಂದ 2008ರಲ್ಲಿ ಗುರುತಿಸಿದರು. ನೀರು ಆರಿ ಉಪ್ಪು ಹರಳಾಗುವಾಗ ಹನಿಗಳು ಹರಳಿನೊಳಗೆ ಸೆರೆಯಾಗುವುದುಂಟು. ಆ ಹನಿಯಲ್ಲಿದ್ದುದೂ ಅದರೊಡನೆ ಸೆರೆ.

ಮುಟ್ಟುವ ರೀತಿಗೆ ಕನ್ನಡನಾಡಿಗೂ ಸಂಬಂಧವುಂಟು. ಬೆಳಕು ವಸ್ತುವಿನ ಮೇಲೆ ಬಿದ್ದು ಚದರುವಾಗ ಅದರ ಬಣ್ಣವು ಕೊಂಚ ಮಾರ್ಪಡುವುದೆಂದು ಸರ್ ಸಿ. ವಿ. ರಾಮನ್ ಅವರು 1928ರಲ್ಲಿ ಕಲಕತ್ತೆಯಲ್ಲಿ ಕಂಡರು. ಅನಂತರ ಬೆಂಗಳೂರಿನಲ್ಲಿ ನೆಲೆಸಿ 1970ರಲ್ಲಿ ಅಲ್ಲಿಯೇ ಕಾಲವಾದರು. ಆ ತತ್ತ್ವದಿಂದ ನಡೆಯುವ ಉಪಕರಣವನ್ನು ಅಟಕಾಮಾದ ಉಪ್ಪಿನ ಮೇಲೆ ಪ್ರಯೋಗಿಸಲು, ಜೀವಿಗಳು ಬಿಸಿಲಿಗೆ ಕೊಡೆಯಾಗಿ ತಯಾರಿಸಿಕೊಂಡ ವರ್ಣದ್ರವ್ಯವು, ಕಾಯಿಸುವ ತೋಯಿಸುವ ಗೊಡವೆಯಿಲ್ಲದೆ, ಗುರುತಿಗೆ ಸಿಕ್ಕಿತು. 2021ರ ಫೆಬ್ರವರಿಯಲ್ಲಿ ಮಂಗಳನ ಮೇಲಿಳಿದ ಪರ್ಸೆವೆರೆನ್ಸ್ ಬಂಡಿಯು ಅಂತಹ ಉಪಕರಣಗಳೆರಡನ್ನು ಹೊತ್ತು ಹೋಗಿರುವುದು.