ನಿವೃತ್ತಿಯ ಬಳಿಕ ಗಲ್ಫ್‌ನಲ್ಲಿ ಆರೋಗ್ಯ ವಿಮೆ: ಖರ್ಚು ಯಾರ ತಲೆಗೆ?

(ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ನೀಡಿದ ಮಾಹಿತಿ)



ಗಂಡನೋ, ಅಣ್ಣನೋ ಗಲ್ಫ್‌ನಲ್ಲಿರುವ ಮನೆಗಳು ನಮ್ಮ ಸಂಘಗಳಲ್ಲಿ ಬಹಳ ಇವೆ. ತಿಂಗಳ ದುಡ್ಡು ಬರುತ್ತದೆ, ಸಾಲ ತೀರುತ್ತದೆ. ಆದರೆ ಅವರಿಗೆ ಅರವತ್ತು ತುಂಬಿದ ಮೇಲೆ ಆಸ್ಪತ್ರೆ ಬಿಲ್ಲು ಯಾರು ಕಟ್ಟುವುದು?

ಯುಎಇಯಲ್ಲಿ ಕೆಲಸಗಾರನ ವಿಮೆಯನ್ನು ಮಾಲೀಕನೇ ಮಾಡಿಸಬೇಕು. ಅಬುಧಾಬಿ, ದುಬೈಗಳಲ್ಲಿ ಮೊದಲೇ ಇದ್ದ ಈ ನಿಯಮ 2025ರ ಜನವರಿ 1ರಿಂದ ಉಳಿದ ಎಮಿರೇಟ್‌ಗಳಿಗೂ ಬಂತು. ಅಲ್ಲಿ ಮೂಲ ವಿಮೆಯ ಕಂತು ವರ್ಷಕ್ಕೆ 320 ದಿರ್ಹಮ್ ಎಂದು ನಿಗದಿಯಾಯಿತು. 64 ದಾಟಿದವರು ಆರೋಗ್ಯದ ವಿವರ, ವೈದ್ಯಕೀಯ ವರದಿ ಕೊಡಬೇಕು. ಕೆಲಸ ಹೋಯಿತೆಂದರೆ ಮಾಲೀಕನ ವಿಮೆಯೂ ಹೋಯಿತು. 55 ದಾಟಿದವರಿಗೆ ನಿವೃತ್ತಿ ವೀಸಾ ಇದೆ ನಿಜ. ಆದರೆ ಅದಕ್ಕೆ ದೊಡ್ಡ ಆಸ್ತಿ, ಉಳಿತಾಯ ಅಥವಾ ಆದಾಯ ತೋರಿಸಬೇಕು, ವಿಮೆಗೆ ಸ್ವಂತ ಕಿಸೆಯಿಂದಲೇ ಕೊಡಬೇಕು. ವಯಸ್ಸು ಏರಿದ ಹಾಗೆ ಕಂತೂ ಏರುತ್ತದೆ.

ಹಾಗಾಗಿ ಹೆಚ್ಚಿನವರು ಊರಿಗೇ ಬರುತ್ತಾರೆ. ಬಂದ ಮೇಲೆ ಪಾಲಿಸಿ ಮಾಡಿದರಾಯಿತು ಅಂತ ಕೂತರೆ ಕಷ್ಟ. ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿ.ಪಿ.ಗೆ ಕಂಪನಿಗಳು 3 ವರ್ಷದವರೆಗೆ ಕಾಯಿಸಬಹುದು. 2024ರ ಮೊದಲು ಇದು 4 ವರ್ಷ ಇತ್ತು. ವಿದೇಶದಲ್ಲಿರುವಾಗಲೇ ಭಾರತದ ಪಾಲಿಸಿ ಮಾಡಿಸಬಹುದು. 57ನೇ ವಯಸ್ಸಿಗೆ ಮಾಡಿಸಿ ತಪ್ಪದೆ ನವೀಕರಿಸಿದರೆ 60ಕ್ಕೆ ಊರಿಗೆ ಬರುವಾಗ ಕಾಯುವ ಅವಧಿ ಮುಗಿದಿರುತ್ತದೆ. ಆದರೆ ಸಾಮಾನ್ಯ ಪಾಲಿಸಿ ಭಾರತದಲ್ಲಿ ಪಡೆದ ಚಿಕಿತ್ಸೆಗೆ ಮಾತ್ರ ಎಂಬುದು ನೆನಪಿರಲಿ.

ಈಗ ಲೆಕ್ಕ ನೋಡಿ. ಕಂತು 30,000 ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲು ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 5,400 ರೂಪಾಯಿ ಹೆಚ್ಚು ಕೊಡಬೇಕಿತ್ತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳಿಗೆ ಆ ತೆರಿಗೆ ಇಲ್ಲ. ತಿಂಗಳಿಗೆ 2,500 ರೂಪಾಯಿ ತೆಗೆದಿಟ್ಟರೆ ಸಾಕು. ಹಿರಿಯರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಯು ವಿಮಾ ನಿಯಂತ್ರಣ ಪ್ರಾಧಿಕಾರವನ್ನು ಮೊದಲು ಕೇಳಬೇಕೆಂದು 2025ರ ಜನವರಿಯಲ್ಲಿ ಆದೇಶವಾಗಿದೆ.

ಒಂದು ಮಾತು: ಕಾಯಿಲೆ ಮುಚ್ಚಿಡಬೇಡಿ. ಏಜೆಂಟ್ "ಬರೆಯುವುದು ಬೇಡ" ಅಂದರೂ ಬರೆಸಿ. ಮುಚ್ಚಿಟ್ಟರೆ ಬಿಲ್ಲು ಬಂದ ದಿನ ಕಂಪನಿ ಕೈ ಎತ್ತಬಹುದು.

ಮುಂದಿನ ಸಭೆಗೆ ಮೂರು ವಿಷಯ ಫೋನಿನಲ್ಲಿ ಕೇಳಿಕೊಂಡು ಬನ್ನಿ: ಅವರ ವಯಸ್ಸೆಷ್ಟು, ಯಾವ ಮಾತ್ರೆ ನುಂಗುತ್ತಾರೆ, ಊರಿನ ಪಾಲಿಸಿ ಇದೆಯೋ ಇಲ್ಲವೋ. ಕೂತು ಒಟ್ಟಿಗೆ ಲೆಕ್ಕ ಹಾಕೋಣ.