ವಾಲ್ಟ್ ಕಲಿಯುವ ಮಕ್ಕಳು ಮತ್ತು ಪೋಷಕರ ಹೊಣೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಪೋಷಕರ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಪುಣಜನೂರಿನಲ್ಲಿ ಜಿಮ್ನಾಸ್ಟಿಕ್ಸ್ ಬಗ್ಗೆ ಏಕೆ ಮಾತು ಎಂದು ನೀವು ಕೇಳಬಹುದು. ಉದ್ದ ಜಿಗಿತಕ್ಕೆಂದು ಮರಳು ಹಾಕಿದ ಕಡೆಯೆಲ್ಲ ನಮ್ಮ ಮಕ್ಕಳು ಪಲ್ಟಿ ಹೊಡೆಯುತ್ತಾರೆ. ಮೊಬೈಲಿನಲ್ಲಿ ಕಂಡದ್ದನ್ನು ಸಂಜೆ ಹುಲ್ಲಿನ ಮೆದೆಯ ಪಕ್ಕ ಮಾಡಿ ನೋಡುತ್ತಾರೆ. ಅವರಲ್ಲಿ ಒಬ್ಬರ ಮೇಲೆ ದೈಹಿಕ ಶಿಕ್ಷಕರ ಕಣ್ಣು ಬೀಳುತ್ತದೆ. ಆ ಮಗು ಮೈಸೂರಿಗೋ ಬೆಂಗಳೂರಿಗೋ ತರಬೇತಿಗೆ ಹೋಗುವ ಅವಕಾಶ ಬರುತ್ತದೆ. ಆಗ ತಂದೆತಾಯಿ ಹೇಳುವ ಮಾತು ಒಂದೇ: "ನಮಗೇನು ಗೊತ್ತಾಗುತ್ತೆ ಸಾರ್, ನಿಮಗೆ ಒಪ್ಪಿಸಿದ್ದೀವಿ." ಈ ಮಾತಿನಲ್ಲಿ ನಂಬಿಕೆ ಇದೆ, ಗೌರವವೂ ಇದೆ. ಆದರೆ ವಾಲ್ಟ್‌ನಂಥ ಆಟದಲ್ಲಿ ಮಗುವಿನ ಕುತ್ತಿಗೆ, ಬೆನ್ನು ಪಣಕ್ಕಿರುತ್ತವೆ. ಅಲ್ಲಿ ಒಪ್ಪಿಸಿ ಸುಮ್ಮನಾಗುವಂತಿಲ್ಲ. ಆಟದ ತಾಂತ್ರಿಕತೆ ಗೊತ್ತಿಲ್ಲದ ಪೋಷಕರೂ ಮಾಡಬಹುದಾದ ಕೆಲಸ ಬಹಳ ಇದೆ.

ವಾಲ್ಟ್ ಎಂದರೆ ಸುಮಾರು 25 ಮೀಟರ್ ಓಡಿ ಬಂದು, ಸ್ಪ್ರಿಂಗ್ ಹಲಗೆಯ ಮೇಲೆ ಎರಡೂ ಕಾಲು ಊರಿ, ಎದುರಿನ ಮೇಜನ್ನು ಕೈಗಳಿಂದ ತಳ್ಳಿ, ಗಾಳಿಯಲ್ಲಿ ಸುತ್ತಿ, ಆಚೆ ಬದಿಯಲ್ಲಿ ನಿಲ್ಲುವುದು. ಆ ಮೇಜಿನ ಎತ್ತರ ಮಹಿಳೆಯರಿಗೆ 125 ಸೆಂಟಿಮೀಟರ್, ಪುರುಷರಿಗೆ 135 ಸೆಂಟಿಮೀಟರ್. ಎಲ್ಲ ಮುಗಿಯುವುದು ಕೆಲವೇ ಸೆಕೆಂಡುಗಳಲ್ಲಿ. ಗಾಳಿಯಲ್ಲಿದ್ದಾಗ ತಪ್ಪು ತಿದ್ದಿಕೊಳ್ಳಲು ಸಮಯ ಇರುವುದಿಲ್ಲ. ಆದ್ದರಿಂದ ಸುರಕ್ಷತೆಯೆಲ್ಲ ಇರುವುದು ಆ ದಿನಕ್ಕೆ ಮೊದಲಿನ ತಯಾರಿಯಲ್ಲಿ.

ನಮ್ಮ ದೇಶದ ದೀಪಾ ಕರ್ಮಾಕರ್ ಹೆಸರು ನೀವು ಕೇಳಿದ್ದೀರಿ. ತ್ರಿಪುರಾದ ಅಗರ್ತಲಾದ ಹುಡುಗಿ. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ ಫೈನಲ್‌ನಲ್ಲಿ 15.066 ಅಂಕ ಪಡೆದು ನಾಲ್ಕನೆಯವರಾದರು. ಕಂಚು ತಪ್ಪಿದ್ದು 0.150 ಅಂಕದಲ್ಲಿ. ಅವರು ಮಾಡಿದ 'ಪ್ರೊಡುನೊವಾ' ಎಂಬ ವಾಲ್ಟ್‌ನಲ್ಲಿ ಮೇಜು ಬಿಟ್ಟ ಮೇಲೆ ಮುಂದಕ್ಕೆ ಎರಡು ಸುತ್ತು ಪಲ್ಟಿ. ಅದನ್ನು 'ಸಾವಿನ ವಾಲ್ಟ್' ಎಂದು ಪತ್ರಿಕೆಗಳು ಬರೆದವು. ಮಕ್ಕಳ ಮನಸ್ಸಿನಲ್ಲಿ ಉಳಿದದ್ದು ಆ ಹೆಸರು. ಆದರೆ ಪೋಷಕರು ಗಮನಿಸಬೇಕಾದ ಲೆಕ್ಕ ಬೇರೆ. ದೀಪಾ ಜಿಮ್ನಾಸ್ಟಿಕ್ಸ್ ಆರಂಭಿಸಿದ್ದು ಆರನೆಯ ವಯಸ್ಸಿನಲ್ಲಿ. ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಈ ವಾಲ್ಟ್ ಮಾಡಿ ಕಂಚು ಗೆದ್ದಿದ್ದು 2014ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ. ನಡುವೆ ಹದಿನಾಲ್ಕು ವರ್ಷ, ಜೊತೆಗೆ ಕೋಚ್ ಬಿಶ್ವೇಶ್ವರ್ ನಂದಿಯವರ ಮಾರ್ಗದರ್ಶನ. ತಂದೆ ಸ್ವತಃ ವೇಟ್‌ಲಿಫ್ಟಿಂಗ್ ಕೋಚ್. ಅಂಥ ಮನೆಯ ಮಗುವಿಗೂ ಅಷ್ಟು ವರ್ಷ ಬೇಕಾಯಿತು. ಹಾಗಿರುವಾಗ ಮೂರು ತಿಂಗಳಲ್ಲಿ ಡಬಲ್ ಪಲ್ಟಿ ಕಲಿಸುತ್ತೇವೆ ಎಂದು ಯಾರಾದರೂ ಹೇಳಿದರೆ ನಾವು ಹಿಂದೆ ಸರಿಯಬೇಕು.

ಸರಿಯಾದ ಕಲಿಕೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಮೊದಲು ಇಳಿಯುವುದನ್ನು ಮತ್ತು ಬೀಳುವುದನ್ನು ಕಲಿಸುತ್ತಾರೆ. ಕಾಲು ಸ್ವಲ್ಪ ಅಗಲಿಸಿ, ಮೊಣಕಾಲು ಬಗ್ಗಿಸಿ ಇಳಿಯಬೇಕು. ಹಿಂದಕ್ಕೆ ಬಿದ್ದರೆ ಕೈ ಊರದೆ ಉರುಳಬೇಕು. ಆಮೇಲೆ ಗಟ್ಟಿಯಾದ ಕೈನಿಲುವು, ಭುಜದಿಂದ ತಳ್ಳುವುದು, ಮೆತ್ತೆಗಳ ರಾಶಿಯ ಮೇಲೆ ಮಲಗಿ ಇಳಿಯುವುದು. ಹೊಸ ಪಲ್ಟಿಯನ್ನು ಮೊದಲು ಫೋಮ್ ತುಂಬಿದ ಗುಂಡಿಗೆ, ನಂತರ ಮೆದು ಮೆತ್ತೆಗೆ, ಕೊನೆಗೆ ಸ್ಪರ್ಧೆಯ ಮೆತ್ತೆಗೆ. ಒಂದು ಮೆಟ್ಟಿಲು ಹತ್ತಾರು ಸಲ ಒಂದೇ ರೀತಿ ಬಂದ ಮೇಲಷ್ಟೇ ಮುಂದಿನದು.

ಆದ್ದರಿಂದ ಕೋಚ್ ಬಳಿ ನಾಲ್ಕು ಪ್ರಶ್ನೆ ಕೇಳಿ. ನನ್ನ ಮಗು ಈಗ ಯಾವ ಹಂತದಲ್ಲಿದೆ? ಮುಂದಿನ ಹಂತಕ್ಕೆ ಸಿದ್ಧ ಎಂದು ಹೇಗೆ ತೀರ್ಮಾನಿಸುತ್ತೀರಿ? ಸಲಕರಣೆಯನ್ನು ಪ್ರತಿದಿನ ಯಾರು ಪರೀಕ್ಷಿಸುತ್ತಾರೆ? ಪೆಟ್ಟಾದರೆ ಏನು ವ್ಯವಸ್ಥೆ ಇದೆ? ಇದು ಅನುಮಾನದ ಮಾತಲ್ಲ. ಒಳ್ಳೆಯ ಕೋಚ್ ಸಂತೋಷದಿಂದ ಉತ್ತರಿಸುತ್ತಾರೆ. ತರಬೇತಿ ಎಲ್ಲರ ಕಣ್ಣೆದುರು ನಡೆಯುತ್ತದೆಯೇ ಎಂಬುದನ್ನೂ ವಿಚಾರಿಸಿ. ಹಿಡಿದು ಕಲಿಸುವ ಆಟದಲ್ಲಿ ಮಗುವಿಗೆ ಯಾವ ಸ್ಪರ್ಶವಾದರೂ ಮುಜುಗರ ಎನಿಸಿದರೆ ಮನೆಯಲ್ಲಿ ಹೇಳುವ ಧೈರ್ಯ ಇರಬೇಕು. ಮಕ್ಕಳ ಸಹಾಯವಾಣಿ 1098 ಎಂಬುದು ನೆನಪಿರಲಿ.

ಸಲಕರಣೆಯ ಮಾತು ಸಣ್ಣದಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ವಾಲ್ಟ್‌ನ ಎತ್ತರವನ್ನು 5 ಸೆಂಟಿಮೀಟರ್ ಕಡಿಮೆ ಇಟ್ಟಿದ್ದರು. ಜಗತ್ತಿನ ಶ್ರೇಷ್ಠ ಆಟಗಾರ್ತಿಯರು ಒಬ್ಬರ ಹಿಂದೊಬ್ಬರು ಬಿದ್ದರು. ಏನೋ ಸರಿಯಿಲ್ಲ ಎಂದು ಹೇಳಿದವಳು ಆಸ್ಟ್ರೇಲಿಯಾದ ಸ್ಪರ್ಧಿ ಅಲಾನಾ ಸ್ಲೇಟರ್. ಅಳೆದು ನೋಡಿದರೆ ಅವಳ ಮಾತು ನಿಜ. ಅಷ್ಟು ಅಧಿಕಾರಿಗಳಿದ್ದ ಕಡೆ ತಪ್ಪು ಗೊತ್ತಾದದ್ದು ಒಬ್ಬ ಹುಡುಗಿ ಬಾಯಿ ಬಿಟ್ಟಿದ್ದರಿಂದ.

ಅದಕ್ಕೂ ಮೊದಲು, 1988ರಲ್ಲಿ, ಟೋಕಿಯೊದಲ್ಲಿ ಅಮೆರಿಕದ ಹದಿನೈದು ವರ್ಷದ ಜೂಲಿಸ್ಸಾ ಗೋಮೆಜ್ ವಾಲ್ಟ್ ಅಭ್ಯಾಸದಲ್ಲಿದ್ದಾಗ ಸ್ಪ್ರಿಂಗ್ ಹಲಗೆಯಿಂದ ಕಾಲು ಜಾರಿ ತಲೆ ಅಪ್ಪಳಿಸಿತು. ಕುತ್ತಿಗೆಯಿಂದ ಕೆಳಗೆ ದೇಹ ಸ್ವಾಧೀನ ತಪ್ಪಿತು. 1991ರಲ್ಲಿ ತೀರಿಕೊಂಡಳು. ನಂತರ ಹಲಗೆಯ ಸುತ್ತ ರಕ್ಷಣಾ ಮೆತ್ತೆ ಬಂತು. 2001ರಿಂದ ಹಳೆಯ ಕಿರಿದಾದ 'ಕುದುರೆ'ಯ ಬದಲು ಅಗಲವಾದ ಮೇಜು ಬಂತು. ಇದನ್ನು ಹೇಳುವುದು ನಿಮ್ಮನ್ನು ಹೆದರಿಸಲು ಅಲ್ಲ. ಇವತ್ತಿನ ಪ್ರತಿಯೊಂದು ಸುರಕ್ಷತಾ ನಿಯಮಕ್ಕೂ ಬೆಲೆ ತೆತ್ತಿದ್ದಾರೆ, ಅದನ್ನು ಹಗುರವಾಗಿ ಕಾಣಬಾರದು ಎಂದು ಹೇಳಲು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸಿಮೋನ್ ಬೈಲ್ಸ್ ಗಾಳಿಯಲ್ಲಿ ತನ್ನ ದಿಕ್ಕು ತಪ್ಪುತ್ತಿದೆ ಎಂದು ತಂಡದ ಫೈನಲ್‌ನ ನಡುವೆಯೇ ಹಿಂದೆ ಸರಿದರು. ಎರಡೂವರೆ ತಿರುವು ಮಾಡಬೇಕಿದ್ದ ವಾಲ್ಟ್‌ನಲ್ಲಿ ಒಂದೂವರೆಯೇ ಆಗಿತ್ತು. ಹಲವರು ಟೀಕಿಸಿದರು. ಅದೇ ಬೈಲ್ಸ್ 2024ರ ಪ್ಯಾರಿಸ್‌ನಲ್ಲಿ ವಾಲ್ಟ್ ಚಿನ್ನ ಗೆದ್ದರು. ಇವತ್ತು ಬೇಡ ಎಂದವರಿಗೆ ನಾಳೆ ಇರುತ್ತದೆ.

ನಿಮ್ಮ ಮಗು "ಇವತ್ತು ಬೇಡ ಅಮ್ಮ, ಭಯ ಆಗ್ತಿದೆ" ಎಂದರೆ ಏನು ಹೇಳುತ್ತೀರಿ? "ಇಷ್ಟು ಖರ್ಚು ಮಾಡಿದ್ದೀವಿ", "ಪಕ್ಕದ ಮನೆಯವಳು ಮಾಡ್ತಾಳಲ್ಲ" ಎಂದರೆ ಮಗು ಇನ್ನೊಮ್ಮೆ ಹೇಳುವುದಿಲ್ಲ. ನೋವನ್ನೂ ಮುಚ್ಚಿಡುತ್ತದೆ. ಕೂಲಿಗೆ ಹೋಗುವ ತಾಯಿ ತರಬೇತಿಯ ಸ್ಥಳಕ್ಕೆ ಬರಲಾರಳು, ನಿಜ. ಮಗು ಹಾಸ್ಟೆಲಿನಲ್ಲಿದ್ದರೆ ರಾತ್ರಿ ಫೋನಿನಲ್ಲಿ ಕೇಳಬಹುದು: "ಎಲ್ಲಾದರೂ ನೋವಿದೆಯಾ? ಯಾವುದಾದರೂ ಭಯ ಅನ್ನಿಸ್ತಾ?" ಗೆದ್ದೆಯಾ ಎಂಬುದು ಆಮೇಲೆ.

ಬೆಳೆಯುವ ವಯಸ್ಸಿನಲ್ಲಿ ಕೈಕಾಲು ಬೇಗ ಉದ್ದವಾಗುತ್ತವೆ. ಹೋದ ವರ್ಷ ಬಂದದ್ದು ಈ ವರ್ಷ ತಪ್ಪಬಹುದು. ಅದು ಸೋಮಾರಿತನವಲ್ಲ. ಮಣಿಕಟ್ಟು, ಮೊಣಕಾಲು, ಬೆನ್ನಿನ ನೋವು ಉಳಿದರೆ ಮಾತ್ರೆ ನುಂಗಿಸಿ ಆಡಿಸಬೇಡಿ, ವೈದ್ಯರಿಗೆ ತೋರಿಸಿ. ತೂಕ ಇಳಿಸಲು ಊಟ ಬಿಡಿಸಬೇಡಿ. ರಾಗಿಮುದ್ದೆ, ಅವರೆ, ಹುರುಳಿ, ಮೊಟ್ಟೆ, ಸೊಪ್ಪು ನಮ್ಮಲ್ಲೇ ಇವೆ. ಹೆಣ್ಣುಮಕ್ಕಳ ಮುಟ್ಟು ತಿಂಗಳುಗಟ್ಟಲೆ ನಿಂತರೆ ಅದೂ ವೈದ್ಯರಿಗೆ ಹೇಳಬೇಕಾದ ವಿಷಯ.

ಮಕ್ಕಳೇ, ನಿಮಗೂ ಒಂದು ಮಾತು. ಮರಳು, ಹುಲ್ಲು, ಹಳೆಯ ಹಾಸಿಗೆ, ಇವು ಯಾವುವೂ ಪಲ್ಟಿಯಲ್ಲಿ ಕುತ್ತಿಗೆ ಕಾಯುವುದಿಲ್ಲ. ಕಲಿಸುವವರಿಲ್ಲದೆ ತಲೆ ಕೆಳಗಾಗುವ ಪಲ್ಟಿ ಬೇಡ. ಯಾರಾದರೂ ತಲೆ, ಕುತ್ತಿಗೆ ಊರಿ ಬಿದ್ದರೆ ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ, ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋಗಬೇಡಿ. ಅಲ್ಲೇ ಅಲುಗದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಿ, ದೊಡ್ಡವರನ್ನು ಕರೆಯಿರಿ.

ಪೋಷಕ ಬಂಧುಗಳೇ, ಈ ಶಾಲೆಯಿಂದ ಮುಂದೊಂದು ದಿನ ಒಬ್ಬ ಜಿಮ್ನಾಸ್ಟ್ ಹೊರಡಲಿ ಎಂದು ನಾನೂ ಆಸೆಪಡುತ್ತೇನೆ. ಆ ಮಗುವನ್ನು ಕೋಚ್‌ಗೆ ಒಪ್ಪಿಸಿ, ಜೊತೆಗೆ ಕೇಳುವ ಹಕ್ಕನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಶಾಲೆಗೆ, ಮಕ್ಕಳಿಗೆ ಶುಭವಾಗಲಿ.