ಅವಧಾನಕ್ಕೆ ಮೊದಲು ಶ್ರದ್ಧೆ



ಶಿವಮೊಗ್ಗೆ, ಭದ್ರಾವತಿಗಳಿಂದ ಮಠಕ್ಕೆ ಬರುವ ತಾಯಂದಿರು ಮಗುವನ್ನು ಮುಂದೆ ನಿಲ್ಲಿಸಿ, "ಬುದ್ಧೀ, ಇವನು ಕೂತಲ್ಲಿ ಕೂರುವುದಿಲ್ಲ, ಏನು ಹೇಳಿದರೂ ಎದುರುತ್ತರ. ಒಂದು ಯಂತ್ರ ಕಟ್ಟಿಕೊಡಿ" ಎಂದು ಕಣ್ಣೀರಿಡುತ್ತಾರೆ. ಯಂತ್ರದಿಂದ ಆಗುವ ಕೆಲಸ ಇದಲ್ಲ. ಮೊದಲು ಮಗುವನ್ನು ಅರಿಯಬೇಕು.

ಇಲ್ಲಿ ಎರಡು ಸಂಗತಿಗಳು ಬೆರೆತಿವೆ. ಹೇಳಿದ ಕೆಲಸವನ್ನು ಅರ್ಧಕ್ಕೆ ಮರೆತು ಓಡುವುದು ಅವಧಾನದ ಕೊರತೆ. 'ಮಾಡುವುದಿಲ್ಲ, ಏನೀಗ?' ಎಂದು ಸೆಟೆದು ನಿಲ್ಲುವುದು ಇನ್ನೊಂದು. ಸಿಟ್ಟು, ವಾದ, ಹಗೆ ಸಾಧಿಸುವುದು ಆರು ತಿಂಗಳಾದರೂ ನಿಲ್ಲದೆ ಮನೆ, ಶಾಲೆಗಳ ನೆಮ್ಮದಿ ಕದಡಿದರೆ ವೈದ್ಯರು ಅದನ್ನು ಬೇರೆಯೇ ದೋಷವೆಂದು ಎಣಿಸುತ್ತಾರೆ. ಅವಧಾನದ ಕೊರತೆಯುಳ್ಳ ಹತ್ತು ಮಕ್ಕಳಲ್ಲಿ ಸುಮಾರು ನಾಲ್ವರಿಗೆ ಇದೂ ಕೂಡಿಕೊಂಡಿರುತ್ತದೆ.

ಮೊದಲನೆಯದು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು, ಮಿದುಳಿನ ಬೆಳವಣಿಗೆಗೆ ಸೇರಿದ್ದು. ಅದು ತಾಯಿಯ ತಪ್ಪೂ ಅಲ್ಲ, ಮಗುವಿನ ಅಹಂಕಾರವೂ ಅಲ್ಲ. ಎರಡನೆಯದಕ್ಕೆ ಕಾರಣ ಹಲವು. ಆದರೆ ಅದನ್ನು ಬೆಳೆಸುವುದರಲ್ಲಿ ಹಿರಿಯರ ಕೈಯೂ ಇರಬಹುದು. ತನ್ನಿಂದಾಗದುದಕ್ಕೆ ಬೆಳಗಿನಿಂದ ರಾತ್ರಿಯವರೆಗೆ ಬೈಸಿಕೊಂಡ ಮಗು ಕಡೆಗೆ ಬೈಗುಳಕ್ಕೇ ಎದೆಯೊಡ್ಡುತ್ತದೆ. ಕಿರುಚಿತೆಂದು ನಾವು ಸೋತರೆ, ಕಿರುಚಿ ಗೆಲ್ಲಬಹುದೆಂಬ ಪಾಠವನ್ನೂ ಕಲಿಯುತ್ತದೆ.

ನಮ್ಮ ಷಟ್‌ಸ್ಥಲದಲ್ಲಿ ಭಕ್ತನಿಗೆ ಶ್ರದ್ಧಾಭಕ್ತಿ, ಮಾಹೇಶ್ವರನಿಗೆ ನಿಷ್ಠಾಭಕ್ತಿ, ಪ್ರಸಾದಿಗೆ ಅವಧಾನಭಕ್ತಿ. ಸಾಧಕನಿಗೇ ಅವಧಾನವು ಮೂರನೆಯ ಮೆಟ್ಟಿಲು. ಏಳು ವರ್ಷದ ಕೂಸಿನಿಂದ ಅದನ್ನು ಮೊದಲ ದಿನವೇ ಕೇಳುವುದು ನ್ಯಾಯವೇ? ಮೊದಲು ಅದಕ್ಕೆ ನಮ್ಮಲ್ಲಿ ಶ್ರದ್ಧೆ ಹುಟ್ಟಬೇಕು. ಪೆಟ್ಟಿನಿಂದ ಅದು ಹುಟ್ಟದು. 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿದ ಭದ್ರಾವತಿಯವರಿಗೆ ಹೇಳಬೇಕಿಲ್ಲ: ಬೀಡುಕಬ್ಬಿಣವನ್ನು ಬಡಿದರೆ ಬಾಗದು, ಒಡೆಯುತ್ತದೆ.

ಆದುದರಿಂದ ಹತ್ತಿರ ಹೋಗಿ, ಹೆಸರು ಹಿಡಿದು ಕರೆದು, ಒಂದು ಸಲಕ್ಕೆ ಒಂದೇ ಮಾತು ಹೇಳಿರಿ. ಮಾಡಿದೊಡನೆ ಮೆಚ್ಚಿರಿ. ಮಾಡದಿದ್ದರೆ, ಮೊದಲೇ ತಿಳಿಸಿಟ್ಟ ಸಣ್ಣ ಕಟ್ಟಳೆಯನ್ನು ಕೂಗಾಡದೆ ನಡೆಸಿರಿ. ಅಪ್ಪನದೊಂದು, ಅಜ್ಜಿಯದೊಂದು ನಿಯಮ ಬೇಡ. ಉಪಾಧ್ಯಾಯರೂ ನೆನಪಿಡಬೇಕು: ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ.

ವೈದ್ಯರ ಬಳಿ ಹೋಗಲು ನಾಚಬೇಡಿರಿ. ಮನಸ್ಸಿನ ಬೇನೆಗೂ ಮದ್ದುಂಟೆಂದು ಶಿವಮೊಗ್ಗೆಯಲ್ಲೇ ಇದ್ದು ಕನ್ನಡದಲ್ಲಿ ತಿಳಿಹೇಳಿದವರು, 2016ರಲ್ಲಿ ಅಗಲಿದ ಡಾ. ಅಶೋಕ್ ಪೈಯವರು. ದಾರಿ ತೋಚದವರು 14416ಕ್ಕೆ ಫೋನು ಮಾಡಿರಿ. ಸರ್ಕಾರ 2022ರಲ್ಲಿ ತೆರೆದ ಈ ಸೇವೆಗೆ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹಟಮಾರಿ ಮಗುವಿನ ಹಟದೊಳಗೆ ಒಂದು ಮೊರೆ ಇದೆ. ಅದನ್ನು ಆಲಿಸುವ ಅವಧಾನ ಹಿರಿಯರಾದ ನಮಗೆ ಮೊದಲು ಬರಲಿ.